ಐದನೆಯ ತುಂಡು

"ಥೂ, ಮತ್ತೆ ಅಲ್ಲೇ ನಿಂತ್ಬಿಡ್ತು!"

ಮೆಲೆ ಕೀಬೋರ್ಡಿನಿಂದ ಕೈ ತೆಗೆದಳು. ಪರದೆಯ ಮೇಲಿನ ಪುಟ್ಟ ಕಪ್ಪು ಕಿಟಕಿಯಲ್ಲಿ ಅಜ್ಜಿಯ ಹೆಸರು ಬಂದಿತ್ತು. ಅಪ್ಪ, ಅಮ್ಮ, ಅತ್ತೆಯರು, ಚಿಕ್ಕಪ್ಪಂದಿರು, ಅವರ ಮಕ್ಕಳು ಎಲ್ಲರೂ ಬಂದಿದ್ದರು. ಕೊನೆಯ ಹೆಸರು ಮಾತ್ರ ಬರಲಿಲ್ಲ. ಅದು ಅವಳ ಅಣ್ಣ ಸಿತಾನಿಯದು.

ಸಿತಾನಿ ತೀರಿಕೊಂಡು ಮೂರು ತಿಂಗಳಾಗಿತ್ತು. ನಾಳೆ ಚರ್ಚ್ ಮುಗಿದ ಮೇಲೆ ನೆಂಟರೆಲ್ಲ ಊಟಕ್ಕೆ ಸೇರುವವರು. ಆಮೇಲೆ ಮನೆಯಲ್ಲಿ ಯಾರೂ ಸಾವಿನ ಶೋಕದ ಕಪ್ಪು ಬಟ್ಟೆ ಉಡುವುದಿಲ್ಲ. "ಅವನು ಮಾಡಿದ್ದನ್ನ ಎಲ್ಲರಿಗೂ ತೋರ್ಸು ಮಗಳೇ" ಎಂದು ಅಮ್ಮ ಹೇಳಿದ್ದಳು.

ಅದು ಅಣ್ಣ ತಂಗಿ ಸೇರಿ ಮಾಡಿದ ಪುಟಾಣಿ ಆಪರೇಟಿಂಗ್ ಸಿಸ್ಟಮ್. ಓಡುವುದು ಎಮ್ಯುಲೇಟರಿನಲ್ಲಿ, ಅಂದರೆ ಕಂಪ್ಯೂಟರಿನೊಳಗಿನ ಸುಳ್ಳು ಕಂಪ್ಯೂಟರಿನಲ್ಲಿ. ಅವರ ದ್ವೀಪದ ಪದ್ಧತಿಯಂತೆ ಬೆಳೆದ ಅಣ್ಣ ತಂಗಿ ಒಂದೇ ಕೋಣೆಯಲ್ಲಿ ಕೂರುವಂತಿಲ್ಲ, ಹಾಗಾಗಿ ಪೆನ್‌ಡ್ರೈವ್ ಅಮ್ಮನ ಕೈಯಲ್ಲಿ ಕೋಣೆಯಿಂದ ಕೋಣೆಗೆ ಓಡಾಡುತ್ತಿತ್ತು. ಮೊದಲ ದಿನವೇ ಅಣ್ಣ ಚೀಟಿ ಕಳಿಸಿದ್ದ: "ಬೂಟ್ ಫೈಲ್ ನಂದು, ಕರ್ನಲ್ ನಿಂದು." ಸಿಸ್ಟಮನ್ನು ಎಬ್ಬಿಸುವ ಫೈಲ್ ಅವನದು; ಎದ್ದ ಮೇಲೆ ಕೆಲಸ ಮಾಡುವ ತಿರುಳು, ಈಗ ಹೆಸರುಗಳನ್ನು ತುಂಬಿದ್ದು, ಅವಳದು. ಮೆಲೆ ಅವನ ಫೈಲನ್ನು ಒಂದು ದಿನವೂ ತೆರೆದವಳಲ್ಲ.

ಅಮ್ಮನಿಗೆ ಕೆಸುವಿನೆಲೆ ಕೊಡಲು ಬಂದ ಸೇಯ್ನಿ ಬಾಗಿಲಲ್ಲಿ ಇಣುಕಿದಳು. ಅವಳು ಸಿತಾನಿಯ ಕಂಪ್ಯೂಟರ್ ಕ್ಲಾಸಿನವಳು.

"ಏನೇ, ಮುಖ ಯಾಕೆ ಸುಟ್ಟ ದೀವಿಹಲಸಿನ ಥರ ಆಗಿದೆ?"

"ಅಣ್ಣನ ಹೆಸರು ಬರ್ತಿಲ್ಲ ಅಕ್ಕಾ. ಹತ್ತು ಸಲ ಟೈಪ್ ಮಾಡ್ದೆ."

ಸೇಯ್ನಿ ಪಕ್ಕದಲ್ಲಿ ಕೂತು ನೋಡಿದಳು. "ಟೈಪ್ ಮಾಡಿದ್ದು ಸರಿ ಇದೆ. ಆದ್ರೆ ಕರ್ನಲ್ ತಾನಾಗೇ ಎದ್ದು ಬರಲ್ಲ ಕಣೇ. ನಿಮ್ಮಣ್ಣನ ಬೂಟ್ ಫೈಲಲ್ಲಿರೋ ಬೂಟ್‌ಲೋಡರ್ ಮೊದ್ಲು ಎದ್ದು, ಡಿಸ್ಕಿಂದ ಅದನ್ನ ತುಂಡು ತುಂಡಾಗಿ ಹೊತ್ಕೊಂಡು ಬರ್ಬೇಕು. ನೀನು ಇಷ್ಟೊಂದು ಹೆಸರು ತುಂಬಿ ಅದನ್ನ ಐದು ತುಂಡು ಮಾಡಿದೀಯ. ಅದು ನಾಲ್ಕೇ ತರ್ತಿದೆ."

"ಹಾಗಾದ್ರೆ ಅತ್ತೆಯರ ಹೆಸರು ಅಳಿಸ್ಲಾ?"

"ಅಳಿಸು ನೋಡೋಣ! ನಾಳೆ ನಿಮ್ಮ ದೊಡ್ಡತ್ತೆ ನಿನ್ನ ಸುಮ್ನೆ ಬಿಡ್ತಾರಾ? ಬೂಟ್ ಫೈಲ್ ತೆಗಿ. ಎಷ್ಟು ತುಂಡು ತರ್ಬೇಕು ಅನ್ನೋ ಸಂಖ್ಯೆ ಬದ್ಲಾಯ್ಸು."

"ಅದು ಅಣ್ಣಂದು. ನಾನು ಮುಟ್ಟಲ್ಲ."

ಅಡುಗೆಮನೆಯಲ್ಲಿ ಅಮ್ಮ ತೆಂಗಿನಕಾಯಿ ತುರಿಯುವ ಸದ್ದು ಕೇಳುತ್ತಿತ್ತು. ಸೇಯ್ನಿಯ ದನಿ ತಗ್ಗಿತು.

"ಮತ್ತೆ ಇನ್ಯಾರು ಮುಟ್ತಾರೆ, ಮೆಲೆ?"

ಮೆಲೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಫೈಲ್ ತೆರೆದಳು. ಅರ್ಧಕ್ಕರ್ಧ ಅರ್ಥವಾಗದ ಸಾಲುಗಳು. ನಡುವೆ ಒಂದು ಕಡೆ 4 ಎಂದಿತ್ತು. ಅದರ ಪಕ್ಕದಲ್ಲಿ ಅಣ್ಣ ತನಗಾಗಿ ಟಿಪ್ಪಣಿ ಬರೆದುಕೊಂಡಿದ್ದ:

ಮೆಲೆಯ ಕರ್ನಲ್ ಬೆಳೆದಿದೆ. 2.
ಮತ್ತೆ ಬೆಳೆದಿದೆ. 3.
ಅಬ್ಬಾ, ಇನ್ನೂ ಬೆಳೆದಿದೆ! 4.

ಅವಳು ಅದನ್ನು ಮೂರು ಸಲ ಓದಿದಳು. ಪೆನ್‌ಡ್ರೈವ್ ಅಣ್ಣನ ಕೋಣೆಯಿಂದ ಮರಳಿ ಬಂದಾಗಲೆಲ್ಲ ಅವಳ ಕರ್ನಲ್ ಸರಾಗವಾಗಿ ಓಡುತ್ತಿತ್ತು. "ಅಮ್ಮಾ, ನಂದು ಮೊದಲ್ನೇ ಸಲಕ್ಕೇ ಓಡ್ತು!" ಎಂದು ಪಕ್ಕದ ಕೋಣೆಗೂ ಕೇಳಲೆಂದೇ ಅವಳು ಕೂಗುತ್ತಿದ್ದಳು. ಆ ಕೋಣೆಯಿಂದ ಯಾವತ್ತೂ ಒಂದು ಮಾತು ಬಂದಿರಲಿಲ್ಲ.

ಮೆಲೆ ನಾಲ್ಕನ್ನು ಅಳಿಸಿ ಐದು ಮಾಡಿದಳು. ಅಣ್ಣನ ಸಾಲುಗಳ ಕೆಳಗೆ ಬರೆದಳು: ಮತ್ತೆ ಬೆಳೆದಿದೆ. 5.

ಎಮ್ಯುಲೇಟರ್ ಎದ್ದಿತು. ಹೆಸರುಗಳು ಒಂದೊಂದಾಗಿ ಇಳಿದವು. ಎಲ್ಲರಿಗಿಂತ ಕೊನೆಗೆ ಸಿತಾನಿ ಬಂದ.

ಈ ಸಲ ಮೆಲೆ ಕೂಗಲಿಲ್ಲ. ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಪಕ್ಕದ, ಅಣ್ಣನ ಕೋಣೆಯ ಬಾಗಿಲಿಗೆ ಹೋದಳು. ಹೊಸ್ತಿಲು ದಾಟಲಿಲ್ಲ. ಪರದೆಯನ್ನು ಒಳಮುಖವಾಗಿ ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಳು.