ಮೇಣದಲ್ಲಿ ಉಳಿದ ಉಂಗುರಬೆರಳು

1979ರ ಆಗಸ್ಟ್ 10, ಶ್ರಾವಣದ ಶುಕ್ರವಾರ. ಮಧ್ಯಾಹ್ನ 12.20ಕ್ಕೆ ಗೂಡ್ಸ್ ಶೆಡ್ಡಿನ ಹಮಾಲಿ ಚಿಕ್ಕಮಾರಯ್ಯ ಯಶವಂತಪುರ ಠಾಣೆಗೆ ಓಡಿಬಂದ.

“ಸಾಮಿ, ನನ್ನೆಂಡ್ರು ಯಲ್ಲಮ್ಮ ಸತ್ತೋಗವ್ಳೆ. ಯಾರೋ ಸಾಯ್ಸವ್ರೆ.”

ಎಫ್‌ಐಆರ್ ದಾಖಲಿಸಿ ಇನ್ಸ್‌ಪೆಕ್ಟರ್ ವೀರಬಸಪ್ಪ ಹಳಿಯಾಚೆಯ ವಠಾರಕ್ಕೆ ಹೋದರು. ಒರಳುಕಲ್ಲಿನ ಅಂಚಿಗೆ ರಕ್ತ ಮೆತ್ತಿತ್ತು. ಯಲ್ಲಮ್ಮನ ತಲೆಯ ಹಿಂಭಾಗ ಒಡೆದಿತ್ತು. ಆದರೆ ಮುಖವನ್ನು ಯಾರೋ ಒದ್ದೆ ಬಟ್ಟೆಯಿಂದ ಒರೆಸಿದ್ದರು, ಕೂದಲು ಬಾಚಿದ್ದರು, ಹಣೆಯ ಕುಂಕುಮ ಚೂರೂ ಕದಡದೆ ದುಂಡಗಿತ್ತು.

ಪಂಚನಾಮೆ ಬರೆಯುತ್ತಿದ್ದ ಕಾನ್‌ಸ್ಟೇಬಲ್ ವೆಂಕಟಸ್ವಾಮಿಯ ಪೆನ್ನು ನಿಂತಿತು. “ಸಾರ್, ರಕ್ತ ಒರೆಸಿದ್ಮೇಲೆ ಕುಂಕುಮ ಇಟ್ಟಿದಾರೆ. ಅಂದ್ರೆ, ಪ್ರಾಣ ಹೋದ್ಮೇಲೆ.”

ಬಾಗಿಲಲ್ಲಿ ಒಬ್ಬಳು ಪಿಸುಗುಟ್ಟಿದಳು: “ಅವ್ಳೇ ಎದ್ದು ಇಟ್ಕೊಂಡವ್ಳೆ ಕಣಮ್ಮಿ. ಮುತ್ತೈದೆಯಾಗೇ ಓಗ್ಬೇಕು ಅಂತ.”

ಗಂಡ ಸತ್ತ ಮೇಲೆ ತಂಗಿಯ ಮನೆ ಸೇರಿದ್ದ ಅಕ್ಕ ಮಾರಕ್ಕ ಮೂಲೆಯಲ್ಲಿ ಕುಳಿತಿದ್ದಳು.

ಗೋಡೆಯ ಗೂಡಿನಲ್ಲಿ ಕುಂಕುಮದ ಭರಣಿ, ಪಕ್ಕದಲ್ಲಿ ಮೇಣದ ಡಬ್ಬಿ. ಕುಂಕುಮ ಉದುರದಿರಲೆಂದು ಹೆಂಗಸರು ಮೊದಲು ಹಣೆಗೆ ಮೇಣ ಸವರುತ್ತಾರೆ. ಡಬ್ಬಿಯ ಮೇಣದಲ್ಲಿ ಒಂದು ಬೆರಳಿನ ಗುರುತು ಆಳವಾಗಿ ಮೂಡಿತ್ತು. ಈಗ ತಾನೇ ಯಾರೋ ಬೆರಳು ತೆಗೆದಂತೆ, ಒಂದೊಂದು ಗೆರೆಯೂ ಕಾಣುತ್ತಿತ್ತು.

ಬೆಳಿಗ್ಗೆ ಗಂಡಹೆಂಡಿರ ಜಗಳ ಕೇಳಿಸಿತೆಂದು ವಠಾರವೆಲ್ಲ ಹೇಳಿತು. 3.00ಕ್ಕೆ ಚಿಕ್ಕಮಾರಯ್ಯ ಲಾಕಪ್ಪಿಗೆ ಹೋದ. ಮರುದಿನ ಮೂರು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಅವನನ್ನು ನಿಲ್ಲಿಸಬೇಕು. ಕೊಲೆ ಕೇಸು, ಕೊಂದವನು ಇವನಲ್ಲದಿದ್ದರೆ ನಿರಪರಾಧಿಯ ಜೀವ ಹೋಗುತ್ತದೆ.

“ಕುಂಕುಮ ನೀನು ಇಟ್ಟಿಯೇನು?” ವೀರಬಸಪ್ಪ ಕೇಳಿದರು.

“ಆ ಡಬ್ಬಿ ಎಲ್ಲೈತೆ ಅಂತ್ಲೂ ನಂಗೊತ್ತಿಲ್ಲ ಸಾಮಿ.”

ಕಣ್ಣು ಮುಚ್ಚಿದರೆ ವೀರಬಸಪ್ಪನವರಿಗೆ ಆ ಹಣೆಯೇ ಕಾಣುತ್ತಿತ್ತು. ಕೊಂದವರು ಅಷ್ಟು ಮೆತ್ತಗೆ ಕುಂಕುಮ ಇಡುತ್ತಾರೆಯೇ?

ಶನಿವಾರ ಬೆಳಿಗ್ಗೆ 9.15. ಬೆರಳಚ್ಚು ತಜ್ಞ ಗಯಾಸ್ ಫೋಟೊಗಳನ್ನು ಮೇಜಿನ ಮೇಲೆ ಹರಡಿದರು.

“ಸುಳಿ ಸಾರ್. ಗುಂಡಗೆ ಸುತ್ತಿದೆ, ನೋಡಿ. ಸತ್ತೋಳದ್ದೂ ಗಂಡಂದೂ ಎಲ್ಲಾ ಬೆರಳೂ ಕುಣಿಕೆ ಥರ. ಇಬ್ರೂ ಅಲ್ಲ.”

“ವಠಾರದ ಹೆಣ್ಮಕ್ಕಳದು?”

“ಹದಿನಾಲ್ಕು ಜನದ್ದು ನೋಡ್ದೆ. ಮೂವರಿಗೆ ಸುಳಿ ಇದೆ. ಆದ್ರೆ ಇದ್ರಲ್ಲಿ ನಡುವಿನ ಗೆರೆ ಕವಲೊಡ್ದಿದೆ, ಪಕ್ಕದ್ದು ಅರ್ಧಕ್ಕೇ ನಿಂತಿದೆ. ಆ ಮೂವರಿಗೂ ಹಂಗಿಲ್ಲ.”

ವೀರಬಸಪ್ಪ ವೆಂಕಟಸ್ವಾಮಿಯತ್ತ ತಿರುಗಿದರು. “ಎಲ್ಲಾರ್ದೂ ತಗೊಂಡಿಯೇನಪಾ?”

“ಎಲ್ಲಾರ್ದೂ ಸಾರ್. ಪಕ್ಕದ್ಮನೆ ಕೂಸೊಂದ್ ಬಿಟ್ಟೆ, ಇಂಕ್ ಪ್ಯಾಡ್ ನೆಕ್ಕಕ್ ಬಂತು.”

“ಮಾರಕ್ಕಂದು?”

ವೆಂಕಟಸ್ವಾಮಿ ತಡವರಿಸಿದ. “ಆವಮ್ಮ ಗಂಡ ಸತ್ತೋರಲ್ವಾ ಸಾರ್. ಕುಂಕುಮದ್ ಗೂಡಿನ್ ತಾವ ಯಾಕ್ ಹೋಗ್ತಾರೆ?”

ವೀರಬಸಪ್ಪ ಬಯ್ಯಲಿಲ್ಲ. ತಮಗೂ ಅದು ಹೊಳೆದಿರಲಿಲ್ಲ.

11.30ಕ್ಕೆ ವಠಾರಕ್ಕೆ ಹೋದಾಗ ಮಾರಕ್ಕ ಅದೇ ಮೂಲೆಯಲ್ಲಿದ್ದಳು. ಕೇಳುವ ಮೊದಲೇ ಬಲಗೈ ಚಾಚಿದಳು. ಗಯಾಸ್ ಉಂಗುರಬೆರಳಿಗೆ ಶಾಯಿ ಹಚ್ಚಿ ಹಾಳೆಗೊತ್ತಿ, ಲೆನ್ಸಿನಲ್ಲಿ ಬಹಳ ಹೊತ್ತು ನೋಡಿದರು. ಅದೇ ಸುಳಿ, ಅದೇ ಕವಲು; ಹೌದೆಂದು ತಲೆಯಾಡಿಸಿದರು.

“ಏನಾತು, ಹೇಳವ್ವ,” ಎಂದರು ವೀರಬಸಪ್ಪ.

“ಮಧ್ಯಾನ್ಕೆ ಮುತ್ತೈದೇರು ಅರಿಸಿನ ಕುಂಕುಮಕ್ಕೆ ಬರೋರಿದ್ರು. ಪ್ರತಿ ಸಲ ನಾನೇ ಒಳಗೋಗಿ ಕದ ಆಕ್ಕೋತಿದ್ದೆ. ನಿನ್ನೆ ಅವ್ಳೇ ತೋಳಿಡ್ದು ಒಳೀಕ್ ತಳ್ಳಿದ್ಲು, ಚಿಲ್ಕ ಆಕಕ್ಕೆ. ನಾನು ಸಾಕಿದ್ ಕೂಸು, ಸಾಮಿ. ತಿರುಗಿ ತಳ್ಬುಟ್ಟೆ. ಕಲ್ಲಿತ್ತು.”

“ಮತ್ತ ಕುಂಕುಮ?”

“ಮುಖ ಒರಸ್ದಾಗ ಅಳಿಸೋಯ್ತು. ಬರೀ ಅಣೇಲಿ ಎಂಗ್ ಕಳಿಸ್ಲಿ? ಗಂಡ ಓಗಿ ಅನ್ನೊಂದ್ ವರ್ಸ ಆದ್ಮೇಲೆ ಕುಂಕುಮ ಮುಟ್ಟಿದ್ದು.”

“ನಿನ್ ತಂಗಿ ಗಂಡ ಲಾಕಪ್ನಾಗಿದ್ನಲ್ಲ. ಯಾಕ ಬಾಯಿ ಬಿಡ್ಲಿಲ್ಲ?”

“ಅವಯ್ಯನ್ನ ಇಡ್ಕೊಂಡೋದಾಗ ಬಾಯೇ ಬರ್ಲಿಲ್ಲ. ಯಾರಾದ್ರೂ ಕೇಳಿದ್ರೆ ಏಳ್ಬುಡಾನ ಅಂತ ಕುಂತಿದ್ದೆ. ನನ್ನ ಯಾರೂ ಕೇಳ್ಲಿಲ್ಲ.”

12.40ಕ್ಕೆ ಮಾರಕ್ಕನ ಬಂಧನವಾಯಿತು. ಚಿಕ್ಕಮಾರಯ್ಯನನ್ನು ಬಿಟ್ಟರು.

ಸಂಜೆ ವೀರಬಸಪ್ಪ ಕೇಸ್ ಡೈರಿ ತೆರೆದರು. ಕೃತ್ಯಕ್ಕೆ ಕಾರಣ: ‘ಕ್ಷಣದ ಸಿಟ್ಟು’ ಎಂದು ಬರೆದರು. ಅದನ್ನು ಹೊಡೆದುಹಾಕಿ, ‘ಹನ್ನೊಂದು ವರ್ಷ’ ಎಂದು ತಿದ್ದಿ ಸಹಿ ಹಾಕಿದರು.