ಏಟಿಗೆ ಗಟ್ಟಿಯಾಗದ ಪ್ಯಾಡ್

ಕಬ್ಬಿಣದ ಪೈಪ್ ನೇರ ನನ್ನ ತಲೆಗೇ ಬರುತ್ತಿತ್ತು!

ಎಡಗೈ ಅಡ್ಡ ಹಿಡಿದೆ. ಹೆದರಿಕೆಯೇನೂ ಆಗಲಿಲ್ಲ. ತೋಳಿನೊಳಗೆ ಪ್ಯಾಡ್ ಇತ್ತಲ್ಲ... ಸ್ಟಂಟ್ ಮಾಡುವವರು ಬಟ್ಟೆಯೊಳಗೆ ಹಾಕಿಕೊಳ್ಳುವ ನೀಲಿ ಪ್ಯಾಡ್. ಮುಟ್ಟಿದರೆ ನಾದಿದ ಹಿಟ್ಟಿನಷ್ಟು ಮೆತ್ತಗೆ. ಹೇಗೆ ಬೇಕಾದರೂ ಬಗ್ಗುತ್ತದೆ. ಏಟು ಬಿದ್ದ ಕ್ಷಣ ಮಾತ್ರ ಕಲ್ಲು! ಏಟನ್ನು ತಾನೇ ನುಂಗಿಕೊಂಡು, ಮರುಕ್ಷಣ ಮತ್ತೆ ಮೆತ್ತಗಾಗುತ್ತದೆ.

ಧಡ್!

ಕಲ್ಲಾಗಲಿಲ್ಲ!

"ಅಯ್ಯಯ್ಯಪ್ಪಾ!"

ಕಿರುಚಿದ್ದು ನಾನೇ. ಮುಂಗೈಯಿಂದ ಭುಜದವರೆಗೂ ಪ್ರಾಣ ಹೋದ ಹಾಗಾಯಿತು. ಎದುರಿಗಿದ್ದ ಬೊಕ್ಕತಲೆಯವನು ಪೈಪನ್ನು ಮತ್ತೆ ಎತ್ತಿದ. ಇನ್ನೊಂದು ಏಟು ತಿನ್ನುವ ಆಸೆ ನನಗಿರಲಿಲ್ಲ. ಅವನ ಮೊಣಕಾಲಿಗೆ ಒದ್ದೆ. ಪಕ್ಕದ ರ‍್ಯಾಕ್ ಎಳೆದು ಅವನ ಮೇಲೆ ಕೆಡವಿದೆ. ಪೆಟ್ಟಿಗೆಗಳ ಕೆಳಗೆ ಬಿದ್ದವನ ಎದೆಯ ಮೇಲೆ ಕೂತು, ಅವನ ಪೈಪನ್ನು ಅವನ ಕತ್ತಿಗೇ ಒತ್ತಿದೆ.

"ಏನೋ ಇದು? ಪ್ಯಾಡಾ, ಹಾಸಿಗೆಯಾ?"

"ಬಿ... ಬಿಡಕ್ಕಾ! ಉಸಿರು ಕಟ್ಟುತ್ತೆ!"

"ಕಟ್ಟಲಿ! ಬರೀ ಸ್ಪಂಜಿಗೆ ಬಣ್ಣ ಬಳಿದು, ಮುದ್ರೆ ಒತ್ತಿ ಮಾರ್ತಿದೀಯಾ? ಕಣ್ಣಾರೆ ನೋಡಿದೀನಿ ಈಗ!"

"ನಾನೇನು ಮೋಸ ಮಾಡಿಲ್ಲ! ನಿಮ್ ಸಿನಿಮಾ ಸೆಟ್ಟಿನೋರೇ ಕೇಳಿದ್ದು! ಮುಟ್ಟಿದ್ರೆ ಮೆತ್ತಗಿರ್ಲಿ, ಗಟ್ಟಿ ಆಗೋದು ಬೇಡ ಅಂದ್ರು!"

ಪೈಪ್ ಹಿಡಿದ ಕೈ ತಾನಾಗಿ ಸಡಿಲವಾಯಿತು.

"ಯಾರು ಅಂದಿದ್ದು?"

"ಫೋನಲ್ಲಿ... ಮುಖ ನೋಡಿಲ್ಲ! ನಮ್ಮಮ್ಮನಾಣೆ!"

ನೋಡಿ ಸ್ವಾಮಿ, ನಾನು ಯಾರು ಅಂತ ಹೇಳಿಬಿಡುತ್ತೇನೆ. ಲೈ ಅಂತ ಹೆಸರು. ಹಾಂಗ್‌ಕಾಂಗ್‌ನ ಸಿನಿಮಾದವರಿಗೆಲ್ಲ ಲೈ ಅಕ್ಕ. ರಸ್ತೆಗೆ ಪರ್ಮಿಷನ್, ಮೀನಂಗಡಿಯವನ ಜಗಳ, ಏರಿಯಾ ಪುಂಡರ ಕಾಟ... ಯಾವ ತಾಪತ್ರಯ ಬಂದರೂ ನನ್ನನ್ನೇ ಕರೆಯುತ್ತಾರೆ. ಮೊದಲು ನಾನೂ ಸ್ಟಂಟ್ ಮಾಡುತ್ತಿದ್ದೆ. ಮಂಡಿ ಹೋಯಿತು, ಬಾಯಿ ಉಳಿಯಿತು.

ಅವತ್ತು ಸೆಟ್‌ಗೆ ಬಂದ ಪ್ಯಾಡ್‌ಗಳಲ್ಲಿ ಮೊಣಕೈಯದೊಂದು ಅಳತೆಗೆ ದೊಡ್ಡದಾಗಿತ್ತು. ಬದಲಾಯಿಸಿಕೊಂಡು ಬಾ ಅಂತ ಕಾಸ್ಟ್ಯೂಮ್‌ನವರು ನನ್ನನ್ನು ಕ್ವುನ್‌ಟಾಂಗ್‌ನ ಈ ಗೋಡೌನ್‌ಗೆ ಅಟ್ಟಿದ್ದರು. ಕೈಯಲ್ಲಿ ಹಿಡಿದುಕೊಳ್ಳುವ ಬದಲು ತೋಳಿಗೇ ಏರಿಸಿಕೊಂಡು ಬಂದಿದ್ದೆ. ಒಳಗೆ ಬಂದರೆ ಈ ಮಹಾನುಭಾವ ಮುದ್ರೆ ಒತ್ತುತ್ತ ಕೂತಿದ್ದ! ನನ್ನನ್ನು ಕಂಡವನೇ ಪೈಪ್ ಎತ್ತಿದ.

ನನ್ನ ಕೈ ಹಾಳಾಗಿ ಹೋಗಲಿ. ಉಳಿದ ಪ್ಯಾಡ್‌ಗಳು ಚಿಂಗ್‌ಳ ಮೈಮೇಲಿದ್ದವು!

ಚಿಂಗ್ ನಮ್ಮ ಸ್ಟಂಟ್ ಹುಡುಗಿ. ಬಿಸಿಲು ಇಳಿಯುವ ಮುಂಚೆ ಶಾಮ್‌ಶುಯ್‌ಪೋದ ಹಳೇ ಬೀದಿಯಲ್ಲಿ, ಮೂರನೇ ಮಹಡಿಯಿಂದ ವ್ಯಾನಿನ ತಗಡಿನ ಮೇಲೆ ಬೀಳಬೇಕಿತ್ತು. ಬೆನ್ನು ಕೊಟ್ಟು! ಪ್ಯಾಡ್ ಅಸಲಿಯಾದರೆ ಎರಡು ದಿನ ಮೈಕೈ ನೋವು. ನಕಲಿಯಾದರೆ ಬೆನ್ನುಮೂಳೆ ಪುಡಿ!

ಫೋನ್ ಮಾಡಿದೆ. ಚಿಂಗ್ ಎತ್ತಲಿಲ್ಲ. ಡೈರೆಕ್ಟರ್ ಎತ್ತಲಿಲ್ಲ. ಯಾರೂ ಎತ್ತಲಿಲ್ಲ. ಎತ್ತುವುದೂ ಇಲ್ಲ... ದೊಡ್ಡ ಸ್ಟಂಟ್ ಇದ್ದ ದಿನ ಸೆಟ್‌ನಲ್ಲಿ ಎಲ್ಲರ ಫೋನೂ ಬುಟ್ಟಿಗೆ. ಸ್ಟಂಟ್ ಮಾಸ್ಟರ್ ಮಾಕ್ ಗುರುಗಳ ನಿಯಮ ಅದು. ಪೊಲೀಸಿಗೆ ಮಾಡಿದೆ. "ಯಾರಿಗಾದ್ರೂ ಏಟಾಗಿದೆಯಾ ಮೇಡಂ?" ಅಂದ. ನನಗಾಗಿದೆ ಅಂದೆ. "ಹಾಗಾದ್ರೆ ನೀವು ಅಲ್ಲೇ ಇರಿ" ಅಂದ. ಥೂ!

ಬೊಕ್ಕತಲೆಯನ್ನು ಅಲ್ಲೇ ಬಿಟ್ಟು ಲಿಫ್ಟ್ ಹತ್ತಿರ ಓಡಿದೆ. ಅದು ಸರಕಿನ ಲಿಫ್ಟು. ನಡೆಸುವ ಮುದುಕ ಟೀಗೆ ಹೋಗಿದ್ದ! ಮಧ್ಯಾಹ್ನದ ಟೀಗೆ ಕೂತವನನ್ನು ಈ ಊರಿನಲ್ಲಿ ಬ್ರಹ್ಮ ಬಂದರೂ ಎಬ್ಬಿಸಲಾರ.

ಹಿಂದಿನಿಂದ ಬೊಕ್ಕತಲೆ ಅರಚಿದ. "ಹಿಡೀರೋ ಅವಳನ್ನ! ಹೊರಗೆ ಬಿಡಬೇಡಿ!"

ಇಬ್ಬರು ಹಮಾಲರು ಗೋಣಿ ಬಿಸಾಕಿ ನನ್ನ ಕಡೆ ನುಗ್ಗಿದರು. ಮೆಟ್ಟಿಲು ಹಿಡಿದೆ. ಹೋದ ಮಂಡಿ, ಜಜ್ಜಿದ ಕೈ... ಇಳಿದೆನೋ ಉರುಳಿದೆನೋ, ಬೀದಿಗಂತೂ ಬಂದೆ.

ಟ್ಯಾಕ್ಸಿ! ಒಂದಲ್ಲ, ಸಾಲಾಗಿ ನಿಂತಿದ್ದವು. ಎಲ್ಲದರ ಮೀಟರಿನ ಬಾವುಟದ ಮೇಲೂ ಬಟ್ಟೆ ಮುಚ್ಚಿತ್ತು, ಬಾಡಿಗೆಗೆ ಬರಲ್ಲ ಅಂತ.

"ಶಾಮ್‌ಶುಯ್‌ಪೋ! ಅರ್ಜೆಂಟ್!"

"ಬರಲ್ಲಕ್ಕ. ಪಾಳಿ ಬದಲಾಯ್ಸೋ ಹೊತ್ತು."

"ಒಂದು ಜೀವ ಹೋಗುತ್ತೆ ಕಣಯ್ಯಾ!"

"ಗಾಡಿ ಲೇಟಾಗಿ ಕೊಟ್ರೆ ನನ್ ಪಾರ್ಟ್ನರ್ ನನ್ ಜೀವಾನೇ ತೆಗೀತಾನೆ."

ಕಿಟಕಿ ಏರಿಸಿಕೊಂಡ. ನನಗೆ ಎಷ್ಟು ಉರಿಯಿತು ಅಂದರೆ, ಅವನ ಬಾಗಿಲಿಗೆ ಒಂದು ಒದೆ ಕೊಟ್ಟೇ ಮುಂದೆ ಹೋದೆ.

ಕೆಂಪು ಮಿನಿಬಸ್ಸೊಂದು ಹೊರಡುತ್ತಿತ್ತು. ಹಾರಿ ಹತ್ತಿದೆ.

"ಸೀಟಿಲ್ಲ! ಇಳೀರಿ!" ಡ್ರೈವರ್ ಕೂಗಿದ.

"ನಿಂತ್ಕೋತೀನಿ!"

"ನಿಲ್ಲೋ ಹಾಗಿಲ್ಲ! ನನ್ ಲೈಸೆನ್ಸ್ ಕೀಳ್ತಾರೆ!"

ಹಮಾಲರು ರಸ್ತೆ ದಾಟುತ್ತಿದ್ದರು. ಬಸ್ಸಿನ ಜನರ ಕಡೆ ತಿರುಗಿದೆ. "ಯಾರಾದ್ರೂ ಒಬ್ಬರು ಇಳೀರಪ್ಪಾ! ನಿಮ್ ಮನೇಲಿ ಹೆಣ್ಮಕ್ಕಳಿಲ್ವಾ? ಒಂದು ಹುಡುಗಿ ಸಾಯ್ತಾಳೆ!"

ಎಲ್ಲರೂ ತಮ್ಮ ತಮ್ಮ ಫೋನ್ ನೋಡಿದರು. ಮೀನಿನ ಚೀಲ ಹಿಡಿದಿದ್ದ ಹೆಂಗಸೊಬ್ಬಳು, "ನಾನಿಳಿದ್ರೆ ಮೀನು ಹಾಳಾಗುತ್ತೆ" ಅಂದಳು.

"ಹಾಳಾಗಲಿ ನಿನ್ ಮೀನು! ಕಲ್ಲು ಹೃದಯದ ಜನ ನೀವು! ಸತ್ಮೇಲೆ ನಿಮ್ಗೂ ಯಾರೂ ಜಾಗ ಕೊಡಲ್ಲ..."

"ಅಮ್ಮಾ ತಾಯಿ!" ಮೊದಲ ಸೀಟಿನ ಮುದುಕ ಕೋಲೂರಿ ಎದ್ದ. "ನಾನೇ ಇಳೀತೀನಿ. ಮನೇಲೂ ಇದೇ ಬೈಗುಳ, ಬಸ್ಸಲ್ಲೂ ಇದೇನಾ?"

ಬಾಗಿಲು ಮುಚ್ಚಿತು. ಹಮಾಲನೊಬ್ಬನ ಮುಷ್ಟಿ ಗಾಜಿಗೆ ಬಡಿಯಿತು. ಬಸ್ಸು ಹೊರಟಿತು.

ಕೂತ ಮೇಲೆ ತಲೆ ಕೆಲಸ ಮಾಡತೊಡಗಿತು. ಸೆಟ್‌ನವರೇ ಕೇಳಿದ್ದು... ಯಾರು? ಯಾಕೆ? ಕಳೆದ ವರ್ಷ ಇದೇ ಕಂಪನಿಯ ಶೂಟಿಂಗಿನಲ್ಲಿ ಚಿಂಗ್ ಮದುವೆಯಾಗಬೇಕಿದ್ದ ಸ್ಟಂಟ್ ಹುಡುಗ ಕಟ್ಟಿದ್ದ ಹಗ್ಗ ಬಿಚ್ಚಿಹೋಗಿ ಬಿದ್ದು ಸತ್ತ. ಅದರ ವಿಚಾರಣೆ ಮರುದಿನವೇ ಇತ್ತು. ಚಿಂಗ್ ಸಾಕ್ಷಿ ಹೇಳಬೇಕಿತ್ತು. ಪ್ರೊಡ್ಯೂಸರ್ ಪುನ್ ಸುರಕ್ಷತೆಗೆ ಖರ್ಚು ಮಾಡದ ಜಿಪುಣ ಅನ್ನುವುದು ಊರಿಗೇ ಗೊತ್ತು. ಅವಳು ಬಾಯಿ ಬಿಟ್ಟರೆ ಅವನ ಕಂಪನಿಗೆ ಬೀಗ!

ಪುನ್... ನಿನ್ನ ಚರ್ಮ ಸುಲಿಯದಿದ್ದರೆ ನನ್ನ ಹೆಸರು ಲೈ ಅಲ್ಲ!

ಬಸ್ಸು ಹಾರಿತು. ಆಮೇಲೆ ನಿಂತಿತು. ಮುಂದೆಲ್ಲ ಬರೀ ಲಾರಿ. ಐದು ನಿಮಿಷಕ್ಕೆ ಐದು ಅಡಿ! ಹಲ್ಲು ಕಡಿಯುತ್ತ ಕೂತಿದ್ದೆ. ಕೊನೆಗೆ ತಡೆಯಲಾರದೆ ಇಳಿದು ಕುಂಟುತ್ತಲೇ ಓಡಿದೆ.

ಸೆಟ್‌ನ ಹಗ್ಗದ ಹತ್ತಿರ ಸೆಕ್ಯುರಿಟಿಯವನು ಕೈ ಅಡ್ಡ ಹಾಕಿದ. ಹೊಸಬ.

"ಶ್! ಶಾಟ್ ನಡೀತಿದೆ! ಪಾಸ್ ತೋರ್ಸಿ!"

ಪಾಸ್ ಗೋಡೌನಿನ ಪೆಟ್ಟಿಗೆಗಳ ಕೆಳಗೆಲ್ಲೋ ಬಿದ್ದಿತ್ತು. ತಲೆ ಎತ್ತಿ ನೋಡಿದೆ. ಮೂರನೇ ಮಹಡಿಯ ಅಂಚಿನಲ್ಲಿ ಚಿಂಗ್ ಬೀದಿಗೆ ಬೆನ್ನು ಹಾಕಿ ನಿಂತಿದ್ದಳು.

"ಪಾಸ್ ಇಲ್ದೆ..."

ಪೆಟ್ಟಾಗದ ಕೈಯಿಂದ ಅವನ ಮೂಗಿಗೆ ಕೊಟ್ಟೆ. ಪಾಪದವನು, ಆದರೆ ಆಗ ಪಾಪಪುಣ್ಯ ನೋಡುವ ಹೊತ್ತಲ್ಲ. ಕ್ಯಾಮೆರಾ ಮುಂದೆಯೇ ಓಡಿದೆ. ವ್ಯಾನಿನ ಬಾನೆಟ್ ಹತ್ತಿದೆ. ತಗಡಿನ ಮೇಲೆ ಉದ್ದಕ್ಕೆ ಮಲಗಿದೆ!

"ಚಿಂಗ್! ಬೀಳೋದಿದ್ರೆ ನನ್ ಮೇಲೆ ಬೀಳು!"

"ಕಟ್! ಕಟ್!" ಡೈರೆಕ್ಟರ್ ಹುಚ್ಚನ ಹಾಗೆ ಕಿರುಚಿದ. "ಯಾವಳವಳು? ಶಾಟ್ ಹಾಳು ಮಾಡಿದ್ಲು! ಬೆಳಕು ಹೋಗ್ತಿದೆ!"

ಎಲ್ಲರೂ ಸುತ್ತುವರಿದರು. ಚಿಂಗ್ ಮೆಟ್ಟಿಲಿಳಿದು ಓಡಿಬಂದಳು. ಪುನ್ ಬಂದ. ಮಾಕ್ ಗುರುಗಳೂ ಬಂದರು... ನೆರೆತ ಕೂದಲು, ಮೆತ್ತನೆಯ ಮಾತು. ನನಗೂ ಚಿಂಗ್‌ಗೂ ಬೀಳುವುದನ್ನು ಕಲಿಸಿದ ಗುರು ಅವರೇ.

"ಏನಮ್ಮಾ ಲೈ ಇದು?"

"ಪ್ಯಾಡ್ ನಕಲಿ ಗುರುಗಳೇ! ನನ್ ಕೈ ನೋಡಿ!"

ಅವರು ಚಿಂಗ್‌ಳ ಬೆನ್ನಿನ ಪ್ಯಾಡನ್ನು ಹೆಬ್ಬೆರಳಿನಿಂದ ಒತ್ತಿದರು. "ಸರಿಯಾಗೇ ಇದೆಯಲ್ಲ ಮಗಳೇ. ಮೆತ್ತಗೆ, ಬೆಚ್ಚಗೆ. ನಾನೇ ಬೆಳಗ್ಗೆ ನೋಡಿದೀನಿ."

"ಒತ್ತಿದ್ರೆ ಏನು ಗೊತ್ತಾಗುತ್ತೆ? ಹೊಡೀಬೇಕು!" ಎದುರಿನ ನೂಡಲ್ಸ್ ಅಂಗಡಿಯವನಿಗೆ ಕೂಗಿದೆ. "ಅಣ್ಣಾ, ಒಂದು ಹಸಿ ಮೊಟ್ಟೆ ಕೊಡು! ಯಾರಾದ್ರೂ ಸುತ್ತಿಗೆ ತನ್ನಿ!"

ಪ್ಯಾಡ್ ಬಿಚ್ಚಿಸಿದೆ. ವ್ಯಾನಿನ ಮೇಲೆ ಮೊಟ್ಟೆ ಇಟ್ಟು, ಅದರ ಮೇಲೆ ಪ್ಯಾಡ್ ಮಡಿಸಿಟ್ಟೆ. ಅಸಲಿಯಾದರೆ ಈ ಸುತ್ತಿಗೆಗೆ ಮೊಟ್ಟೆ ಬಿರುಕೂ ಬಿಡುವುದಿಲ್ಲ. ಇಲ್ಲಿರುವ ಪ್ರತಿಯೊಬ್ಬರೂ ಆ ಆಟ ಆಡಿದವರೇ.

ಹೊಡೆದೆ.

ಪ್ಯಾಡಿನ ನಾಲ್ಕೂ ಕಡೆಯಿಂದ ಹಳದಿ ಲೋಳೆ ಚಿಮ್ಮಿತು.

ಚಿಂಗ್ ಕೈ ಹಿಂದೆ ಮಾಡಿ ತನ್ನ ಬೆನ್ನನ್ನು ತಾನೇ ಮುಟ್ಟಿ ನೋಡಿಕೊಂಡಳು.

ಪುನ್‌ನ ಕೊರಳಪಟ್ಟಿಗೆ ಕೈ ಹಾಕಿದೆ. "ಜಿಪುಣ ನನ್ಮಗನೇ! ನಾಳೆ ಅವಳು ಬಾಯಿ ಬಿಡ್ತಾಳೆ ಅಂತ ಇವತ್ತೇ ಮುಗಿಸೋಕೆ ಹೊರಟಿದ್ಯಾ?"

"ನಾ... ನಾನಲ್ಲ!" ಅವನು ಅಳುವುದೊಂದೇ ಬಾಕಿ. "ಅಸಲಿ ಪ್ಯಾಡಿಗೇ ನಾನು ಒಪ್ಪಿದ್ದು! ಆ ಗೋಡೌನಿನವನು ಮೋಸ ಮಾಡಿದಾನೆ!"

"ಅವನನ್ನ ಬಿಡಮ್ಮಾ," ಗುರುಗಳು ನನ್ನ ಭುಜ ಹಿಡಿದರು. "ಕೆಟ್ಟ ಮಾಲು ಬಂದಿದೆ, ಅಷ್ಟೇ. ದೇವರು ದೊಡ್ಡೋನು, ಹುಡುಗಿ ಉಳಿದ್ಲು."

ಚಿಂಗ್ ಉಳಿದ ಪ್ಯಾಡ್‌ಗಳನ್ನು ಕಿತ್ತು ಕಿತ್ತು ಎಸೆಯುತ್ತಿದ್ದಳು. ಅವಳ ಜಾಕೆಟ್ ಒಳಗಿನಿಂದ ಏನೋ ಜಾರಿ ನನ್ನ ಕಾಲ ಹತ್ತಿರ ಬಿತ್ತು.

ಕೆಂಪು ಲಕೋಟೆ.

ಎತ್ತಿಕೊಂಡೆ. ಹಬ್ಬಕ್ಕೋ ಮದುವೆಗೋ ಶುಭವಾಗಲಿ ಅಂತ ದುಡ್ಡಿಟ್ಟು ಕೊಡುವ ಲಕೋಟೆ. ಹೊಸ ವರ್ಷ ಕಳೆದು ಆರು ತಿಂಗಳಾಗಿದೆ. ಯಾರ ಮದುವೆಯೂ ಇಲ್ಲ. ಸೆಟ್‌ನಲ್ಲಿ ಕೆಂಪು ಲಕೋಟೆ ಕೊಡುವುದು ಇನ್ನೊಂದೇ ಒಂದು ಕಾರಣಕ್ಕೆ... ಹೆಣವಾಗಿ ನಟಿಸಿದವರಿಗೆ! ಸತ್ತ ಪಾತ್ರದ ಅನಿಷ್ಟ ಮೈಗಂಟದಿರಲಿ ಅಂತ, ಸ್ಟಂಟ್ ಮಾಸ್ಟರೋ ಪ್ರೊಡ್ಯೂಸರೋ ಕೈಗಿಡುತ್ತಾರೆ. ನಾನೇ ಅಂಥವು ಎಷ್ಟೋ ತೆಗೆದುಕೊಂಡಿದ್ದೇನೆ.

ಆದರೆ ಈ ಸಿನಿಮಾದ ಕತೆಯಲ್ಲಿ ಚಿಂಗ್‌ಳ ಪಾತ್ರ ಸಾಯುವುದಿಲ್ಲ! ವ್ಯಾನಿನ ಮೇಲೆ ಬೀಳುತ್ತಾಳೆ, ಎದ್ದು ಓಡುತ್ತಾಳೆ, ಅಷ್ಟೇ!

"ಇದನ್ನ ಯಾರು ಕೊಟ್ರು ಚಿಂಗ್?"

"ಗುರುಗಳು. ಮೇಲೆ ಹತ್ತೋ ಮುಂಚೆ. ಇಟ್ಕೋ ಮಗಳೇ, ಈಗ ತೆರೀಬೇಡ ಅಂದ್ರು. ಆಶೀರ್ವಾದ ಅಂದ್ಕೊಂಡೆ."

ಭುಜದ ಮೇಲಿದ್ದ ಗುರುಗಳ ಕೈ ಮೆಲ್ಲಗೆ ಜಾರಿತು.

"ಆ ಹುಡುಗ ಬಿದ್ದ ದಿನ... ನಾಳೆ ಏನು ಹೇಳ್ಬೇಕು ಅಂತಿದ್ದೆ ನೀನು?" ಚಿಂಗ್‌ಳನ್ನು ಕೇಳಿದೆ.

"ಹಗ್ಗ ಕಟ್ಟಿದ್ದು ಯಾರು ಅಂತ." ಅವಳ ಕಣ್ಣು ಗುರುಗಳ ಮೇಲೆ ನಿಂತಿತು. "ಬೇರೆ ಯಾರಿಗೂ ಹೇಳಿಲ್ಲ ಅಕ್ಕಾ. ಅವರಿಗೊಬ್ಬರಿಗೇ ಮೊದಲು ಹೇಳ್ದೆ. ಅವತ್ತು ನೀವು ಕುಡಿದಿದ್ರಿ, ಗಂಟು ಸರಿಯಾಗಿ ಬಿದ್ದಿರಲಿಲ್ಲ, ಅದನ್ನ ಹೇಳಲೇಬೇಕು, ಬೇಜಾರು ಮಾಡ್ಕೋಬೇಡಿ ಅಂದೆ. ಅತ್ತುಬಿಟ್ರು. ಹೇಳಮ್ಮಾ, ಸತ್ಯಾನೇ ಹೇಳು ಅಂದ್ರು."

"ಗುರುಗಳೇ?" ಅವರ ಕಡೆ ತಿರುಗಿದೆ.

ಅವರು ಓಡಲಿಲ್ಲ. ಸುಳ್ಳೂ ಹೇಳಲಿಲ್ಲ. ವ್ಯಾನಿಗೆ ಒರಗಿ, ಆ ಒಡೆದ ಮೊಟ್ಟೆಯನ್ನೇ ನೋಡಿದರು.

"ಮೂವತ್ತು ವರ್ಷದ ಹೆಸರು, ಲೈ. ಒಂದು ಗಂಟಿಗೆ ಹೋಗ್ಬಿಡೋದಿತ್ತು."

"ಅದಕ್ಕೆ ಮಗಳಂಥವಳನ್ನ ಸಾಯ್ಸೋಕೆ ಹೊರಟ್ರಾ? ಪ್ಯಾಡ್ ಮೋಸ ಮಾಡ್ತು ಅಂತ ಅತ್ತು, ಹೂವಿನ ಹಾರ ಹಾಕಿ ಕೈ ತೊಳ್ಕೊಳ್ಳೋಕಾ? ಸರಿ... ಈ ಲಕೋಟೆ ಯಾಕೆ ಕೊಟ್ರಿ? ಕೊಡದಿದ್ರೆ ನಿಮ್ಮ ಮೇಲೆ ಯಾರಿಗೂ ಅನುಮಾನಾನೇ ಬರ್ತಿರಲಿಲ್ವಲ್ಲ!"

ತಲೆ ಎತ್ತಿ ನನ್ನನ್ನೇ ವಿಚಿತ್ರವಾಗಿ ನೋಡಿದರು, ಇಷ್ಟೂ ಗೊತ್ತಿಲ್ಲವಾ ಇವಳಿಗೆ ಅನ್ನುವ ಹಾಗೆ.

"ಕೊಡದೆ ಕಳಿಸಿದ್ರೆ ಬಿಡ್ತಾಳಾ? ರಾತ್ರಿ ಬಂದು ಕಾಲ ಹತ್ರ ನಿಲ್ತಾಳೆ. ಆ ಹುಡುಗ ನಿಲ್ತಾನಲ್ಲ... ಅವನಿಗೆ ಕೊಟ್ಟಿರಲಿಲ್ಲ."

ಕೊಲ್ಲಲು ಧೈರ್ಯ ಇತ್ತು. ದೆವ್ವಕ್ಕೆ ಬಾಕಿ ಉಳಿಸಿಕೊಳ್ಳಲು ಧೈರ್ಯ ಇರಲಿಲ್ಲ! ನನಗೆ ನಗು ಬರಬೇಕಿತ್ತು. ಬಂದದ್ದು ಅಳು. ಮೈ ಮೆತ್ತಗಿಟ್ಟುಕೋ, ಏಟು ಬಿದ್ದಾಗ ಗಟ್ಟಿಯಾಗು ಅಂತ ಈ ಮನುಷ್ಯನೇ ನನಗೆ ಹೇಳಿಕೊಟ್ಟಿದ್ದು. ತನಗೆ ಏಟು ಬಿದ್ದಾಗ ಏನು ಮಾಡಿದ ನೋಡಿ! ವ್ಯಾನಿನ ಮೇಲಿದ್ದ ಸುತ್ತಿಗೆಯನ್ನು ಸಿಟ್ಟಿಗೆ ಎತ್ತಿಕೊಂಡೆ. ಚಿಂಗ್ ಮೆಲ್ಲಗೆ ಬಂದು ಅದನ್ನು ನನ್ನ ಕೈಯಿಂದ ತೆಗೆದಿಟ್ಟಳು.

"ಬೇಡ ಅಕ್ಕಾ. ನಾಳೆ ನಾನು ಹೇಳ್ತೀನಲ್ಲ."

ಪುನ್ ಬುಟ್ಟಿಯಿಂದ ಫೋನ್ ತೆಗೆದು ಪೊಲೀಸಿಗೆ ಕರೆ ಮಾಡಿದ. ಈ ಸಲ ಏಟಾಗಿದೆಯಾ ಅಂತ ಯಾರೂ ಕೇಳಲಿಲ್ಲ. ದೂರದಲ್ಲಿ ಸೈರನ್ ಕೇಳಿಸಿತು.

ಲಕೋಟೆಗೆ ಅಂಟಿದ್ದ ಧೂಳು ಒರೆಸಿದೆ. ಗುರುಗಳ ಅಂಗಿಯ ಜೇಬಿಗೆ ಇಟ್ಟು, ಮೇಲೊಂದು ಸಲ ತಟ್ಟಿದೆ.

"ನೀವೇ ಇಟ್ಕೊಳ್ಳಿ ಗುರುಗಳೇ. ಇವತ್ತು ಹೆಣದ ಪಾತ್ರ ನಿಮ್ಮದೇ."