ಸದ್ದಿಟ್ಟು ಹೋದ ಕಳ್ಳ

ಶುಕ್ರವಾರದ ನಮಾಜು ಮುಗಿಸಿ ಎರಡು ಗಂಟೆಗೆ ಮನೆಗೆ ಬಂದ ಉಜೈರ್ ಕಂಪ್ಯೂಟರ್ ಆನ್ ಮಾಡಿದ. ಅದು ಗುಂಯ್ ಎಂದಿತು. ಬೇರೆಯವರಾಗಿದ್ದರೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಉಜೈರ್ ಮುಚ್ಚಳ ಬಿಚ್ಚಿ ನೋಡಿದ, ನೇರ ಪೊಲೀಸ್ ಠಾಣೆಗೆ ಹೋದ.

"ಕಳ್ಳತನ ಆಗಿದೆ ಸಾರ್."

"ಏನ್ ಹೋಯ್ತು?"

"ಫ್ಯಾನು. ಕಂಪ್ಯೂಟರ್ ಒಳಗಿಂದು."

"ಕಂಪ್ಯೂಟರ್ರು?"

"ಅದು ಅಲ್ಲೇ ಇದೆ."

ಠಾಣೆಯಲ್ಲಿದ್ದವರೆಲ್ಲ ನಕ್ಕರು. ನಗದೆ ಉಳಿದವರು ಎ.ಎಸ್.ಐ. ಮುನಿಕೃಷ್ಣಪ್ಪ ಒಬ್ಬರೇ. ನಿವೃತ್ತಿಗೆ ಇನ್ನು ಏಳೇ ತಿಂಗಳು. ತಪ್ಪಿಸಿಕೊಂಡ ನಾಯಿ, ಒಡೆದ ಹೂಕುಂಡ, ಇಂಥ ಕೇಸುಗಳೆಲ್ಲ ಅವರ ಪಾಲಿಗೇ ಬರುತ್ತಿದ್ದವು. ಅವರಿಗೂ ಬೇಸರವಿರಲಿಲ್ಲ, ಬೇಗ ಮನೆಗೆ ಹೋಗಿ ಮಾಡುವುದಾದರೂ ಏನಿತ್ತು? ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಬೆಳಗ್ಗೆ ಬಾಗಿಲು ಹಾಕುವಾಗ ರೇಡಿಯೊ ಹಚ್ಚಿಟ್ಟೇ ಬರುತ್ತಿದ್ದರು. ಯಾಕೆಂದು ಕೇಳುವವರು ಯಾರೂ ಇರಲಿಲ್ಲ.

"ನಡೀರಿ, ನೋಡೋಣ," ಎಂದು ಟೋಪಿ ತೆಗೆದುಕೊಂಡರು.

*

ಅಮೃತಹಳ್ಳಿಯ ವಠಾರದಲ್ಲಿ ಉಜೈರನದು ಶೀಟು ಹೊದಿಸಿದ ಒಂದೇ ಕೋಣೆ. ಸದ್ದು ಹೀರಲೆಂದು ಗೋಡೆಗೆಲ್ಲ ಹಳೆಯ ರಜಾಯಿ ಹೊಡೆದಿದ್ದ. ಗೋಡೆಗೆ ತಾಗಿದ ಮೇಜಿನ ಮೇಲೆ ಮೈಕು, ಅದರಿಂದ ಒಂದು ಗೇಣು ದೂರದಲ್ಲಿ ಅಕ್ಕಿ ಡಬ್ಬಿಯಷ್ಟೇ ಗಾತ್ರದ ಕಂಪ್ಯೂಟರ್. ಬಿಡಿಭಾಗ ತಂದು ತಾನೇ ಜೋಡಿಸಿದ್ದು.

"ಕಣ್ಣು ಕಾಣದ ಮಕ್ಕಳಿಗೆ ಅಂತ ಒಂದು ಸಂಸ್ಥೆಗೆ ಪಿಯುಸಿ ಪಾಠ ಓದಿ ರೆಕಾರ್ಡ್ ಮಾಡ್ಕೊಡ್ತೀನಿ ಸಾರ್," ಎಂದ ಉಜೈರ್. "ಡಿಸೆಂಬರಲ್ಲಿ ಎರಡು ಪಾಠ ವಾಪಸ್ ಬಂತು. ಹಿಂದೆ ಗುಂಯ್ ಅಂತಿದೆ, ಮಕ್ಕಳಿಗೆ ತಲೆನೋವು ಬರುತ್ತೆ ಅಂದ್ರು. ಇನ್ನೊಂದ್ಸಲ ಹಿಂಗಾದ್ರೆ ಬೇರೆಯವರ ಹತ್ರ ಓದಿಸ್ತಾರಂತೆ. ಸೋಮವಾರ ಕೊನೇ ಮೂರು ಪಾಠ ಕೊಡ್ಬೇಕು. ಮಾರ್ಚಲ್ಲಿ ಪರೀಕ್ಷೆ."

"ಫ್ಯಾನೇ ತೆಗೆದುಬಿಟ್ರೆ?"

"ಈ ಶೀಟಿನ ಕಾವಿಗೆ ಹತ್ತು ನಿಮಿಷಕ್ಕೆ ಆಫ್ ಆಗುತ್ತೆ. ಚಿಕ್ಕ ಫ್ಯಾನು ಜೋರಾಗಿ ತಿರುಗ್ಬೇಕು, ಅದಕ್ಕೇ ಕಿರುಚುತ್ತೆ. ಅಗಲದ್ದು ನಿಧಾನಕ್ಕೆ ತಿರುಗಿದ್ರೂ ಅಷ್ಟೇ ಗಾಳಿ. ಆದ್ರೆ ಇಷ್ಟು ಸಣ್ಣ ಡಬ್ಬಿಲಿ ಎತ್ತರದ್ದು ಹಿಡಿಸಲ್ಲ. ಸ್ಕೇಲ್ ಹಿಡ್ಕೊಂಡು ಅಂಗಡಿ ಅಂಗಡಿ ಅಲೆದು, ಕಾವು ಹೀರೋ ಗಿಡ್ಡದೊಂದು ಹೀಟ್‌ಸಿಂಕು, ಅದರ ಮೇಲೆ ಅಗಲದ ಫ್ಯಾನು ಆರಿಸ್ದೆ. ಸ್ಕ್ರೂ ಬದಲು ರಬ್ಬರ್ ಗೂಟ. ಸದ್ದೂ ಇಲ್ಲ, ನಡುಕಾನೂ ಇಲ್ಲ."

ಮುನಿಕೃಷ್ಣಪ್ಪ ಒಳಗೆ ಇಣುಕಿದರು. ಲೋಹದ ಪದರಗಳ ಮೇಲೆ ಅಂಗೈಗಿಂತ ಚಿಕ್ಕದೊಂದು ಫ್ಯಾನು. ಅದನ್ನು ದಾರದಿಂದ ಬಿಗಿದು ಕಟ್ಟಲಾಗಿತ್ತು. ಬೆರಳಗಲಕ್ಕೊಂದು ಗಂಟು, ಎಲ್ಲವೂ ಒಂದೇ ಅಳತೆ.

"ಇದೂ ನಂದೇ ಸಾರ್, ಹಳೇದು. ಸಂಕ್ರಾಂತಿ ಹೊತ್ಗೆ ಕಸಕ್ಕೆ ಹಾಕಿದ್ದೆ."

"ಬೀಗ?"

"ಒಡೆದಿಲ್ಲ. ಕೀ ಮೀಟರ್ ಡಬ್ಬಿಲಿ ಇಡ್ತೀನಿ. ವಠಾರಕ್ಕೆಲ್ಲ ಗೊತ್ತು."

"ನಿಮ್ಮನೆಗೆ ಯಾರ್ಯಾರು ಬರ್ತಾರೆ?"

ಉಜೈರ್ ತುಂಬ ಹೊತ್ತು ಯೋಚಿಸಿದ. "ಗ್ಯಾಸಿನವರು," ಎಂದ.

ಹೊರಗೆ ಬಂದಾಗ ಪಕ್ಕದ ಬಾಗಿಲಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ನಿಂತಿದ್ದರು. ಹೆಸರು ರಾಧಾಮಣಿ ಎಂದು ಉಜೈರ್ ಹೇಳಿದ. ಯಾರನ್ನಾದರೂ ನೋಡಿದಿರಾ ಎಂದು ಮುನಿಕೃಷ್ಣಪ್ಪ ಕೇಳಿದರು.

"ಇಲ್ಲಪ್ಪ. ನಾನು ಒಳಗೇ ಇರ್ತೀನಿ," ಎಂದು ಆಕೆ ಬಾಗಿಲು ಮುಂದೆ ಮಾಡಿಕೊಂಡರು.

*

ಮುನಿಕೃಷ್ಣಪ್ಪ ದಾರದ ತುದಿಯಲ್ಲಿ ಗಂಟಿದ್ದ ತುಂಡೊಂದನ್ನು ಕತ್ತರಿಸಿ ತಂದಿದ್ದರು. ಗಂಟಿನ ಬೆಡಗು ನೋಡಿದರೆ ಹೂ ಕಟ್ಟುವವರ ಕೈ ಎನಿಸಿತು. ರಸ್ತೆ ತಿರುವಿನ ಅಕ್ಕಯ್ಯಮ್ಮ ನಲವತ್ತು ವರ್ಷದಿಂದ ಹೂ ಕಟ್ಟುವವಳು, ಆ ವಠಾರಕ್ಕೂ ದಿನಾ ಹೂ ಕೊಡುವವಳು. ಅವಳನ್ನೇ ಅನುಮಾನಿಸಿ ಹೋದರು.

ಅಕ್ಕಯ್ಯಮ್ಮ ದಾರವನ್ನು ಮೂಸಿ ನೋಡಿ ಮೂಗು ಮುರಿದಳು. "ಊವಿನ ಗಂಟು ಇಂಗಿರಲ್ಲ ಸ್ವಾಮಿ. ಇದ್ಕೆ ಮೇಣ ಅಚ್ಚವ್ರೆ. ಮೇಣದ ದಾರದಾಗೆ ಕಟ್ಟುದ್ರೆ ಮಲ್ಲಿಗೆ ಉಳೀತದಾ? ಈ ಗಂಟಾಕಿರೋರು ಬೇರೆ ಕಸುಬ್ನೋರು."

ಅನುಮಾನ ಹೊತ್ತು ಹೋದವರು ಸುಳಿವು ಹೊತ್ತು ಬಂದರು. ಮರುದಿನ ಬೆಳಗ್ಗೆ ಆರ್.ಟಿ. ನಗರಕ್ಕೆ ಹೋದರು. ಆ ಅಗಲದ ಫ್ಯಾನು ಮಾರಿದ್ದು ಅಲ್ಲಿನ ಅಂಗಡಿಯ ಮುಜಫ್ಫರ್. ಅದರ ಬೆಲೆ ಬಲ್ಲವನು, ಬಿಚ್ಚಲು ಬಲ್ಲವನು, ಶುಕ್ರವಾರ ಮಧ್ಯಾಹ್ನ ಉಜೈರ್ ಮಸೀದಿಯಲ್ಲಿರುತ್ತಾನೆಂದೂ ಬಲ್ಲವನು.

"ಅದೇ ಹೊತ್ತಿಗೆ ನಾನೂ ಮಸೀದಿಲೇ ಇದ್ದೆ ಸಾರ್, ಬೇಕಾದ್ರೆ ಬೀದಿಯೋರ್ನೆಲ್ಲ ಕೇಳಿ," ಎಂದ ಮುಜಫ್ಫರ್. ಆಮೇಲೆ ದಾರವನ್ನು ಬೆಳಕಿಗೆ ಹಿಡಿದ. "ಇದು ಹಳೇ ಕಾಲದ ಕೆಲಸ. ಪ್ಲಾಸ್ಟಿಕ್ ಪಟ್ಟಿ ಬರೋಕೆ ಮುಂಚೆ ಟೆಲಿಫೋನ್ ಫ್ಯಾಕ್ಟರಿಗಳಲ್ಲಿ ವೈರುಗಳ್ನ ಹಿಂಗೇ ಕಟ್ಟೋರು. ಜಾಸ್ತಿ ಹೆಂಗಸ್ರೇ. ಒಂದು ಗಂಟು ಸಡಿಲ ಇದ್ರೂ ಇಡೀ ಕೆಲಸ ವಾಪಸ್. ಆ ಕೈಗೆ ಬೇರೆ ಥರ ಕಟ್ಟೋಕೇ ಬರಲ್ಲ."

ಬಸ್ಸಿನಲ್ಲಿ ವಾಪಸ್ ಬರುವಾಗ ಮುನಿಕೃಷ್ಣಪ್ಪ ಬೇರೊಂದು ಪ್ರಶ್ನೆಯನ್ನೇ ಮೆಲುಕು ಹಾಕುತ್ತಿದ್ದರು. ಕಳ್ಳ ತೆಗೆದುಕೊಂಡು ಹೋಗುತ್ತಾನೆ. ಈ ಕಳ್ಳ ಯಾಕೆ ಬದಲಿಗೆ ಇನ್ನೊಂದನ್ನು ಕಟ್ಟಿಟ್ಟು ಹೋದ?

*

"ಸ್ವಲ್ಪ ನೀರು ಕೊಡ್ತೀರಾ ಅಮ್ಮಾ?"

ರಾಧಾಮಣಿ ಮುನಿಕೃಷ್ಣಪ್ಪನವರನ್ನು ಒಳಗೆ ಕರೆದರು. ಉಜೈರನೂ ಹಿಂದೆ ಬಂದ. ವಠಾರಕ್ಕೆ ಬಂದ ಎರಡು ವರ್ಷದಲ್ಲಿ ಅವನು ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಗೋಡೆಯ ಮೇಲೆ ಟೆಲಿಫೋನ್ ಕಾರ್ಖಾನೆಯವರು ನಿವೃತ್ತಿಯ ದಿನ ಕೊಟ್ಟ ಗಡಿಯಾರ. ಉಜೈರನ ಮನೆಗೂ ಇವರ ಮನೆಗೂ ನಡುವಿನ ಗೋಡೆಗೆ ಪಾತ್ರೆ ಸ್ಟ್ಯಾಂಡು, ಅದರ ಕೆಳಗೆ ಒಂದೇ ಒಂದು ಕುರ್ಚಿ.

ಮುನಿಕೃಷ್ಣಪ್ಪ ನೀರು ಕುಡಿಯಲಿಲ್ಲ. ಕಿವಿಗೊಟ್ಟು ನಿಂತರು. ಸ್ಟ್ಯಾಂಡಿನಲ್ಲಿ ಸ್ಟೀಲು ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಕಿಣಿಕಿಣಿ ಎನ್ನುತ್ತಿದ್ದವು. ಅವರು ಒಂದರ ಮೇಲೆ ಬೆರಳಿಟ್ಟರು. ಸದ್ದು ನಿಂತಿತು.

"ಉಜೈರ್, ನಿಮ್ಮ ಕಂಪ್ಯೂಟರ್ ಆಫ್ ಮಾಡಿ ಬನ್ನಿ."

ಅವನು ಹೋದ. ಸ್ವಲ್ಪ ಹೊತ್ತಿಗೆ ಲೋಟಗಳೆಲ್ಲ ಸುಮ್ಮನಾದವು. ರಾಧಾಮಣಿ ಆ ಕುರ್ಚಿಯಲ್ಲಿ ಕೂತರು.

ಉಜೈರ್ ಬಂದ ಮೇಲೆ ಮುನಿಕೃಷ್ಣಪ್ಪ ಹೇಳಿದರು. "ರಜಾಯಿ ಹೊಡೆದ ಗೋಡೆ. ನಿಮ್ಮ ದನಿ ಈ ಕಡೆ ಬರಲ್ಲ. ಆದ್ರೆ ಮೇಜು ಗೋಡೆಗೆ ತಾಗಿದೆ. ಹಳೇ ಫ್ಯಾನಿನ ನಡುಕ ಮೇಜಿಂದ ಗೋಡೆಗೆ, ಗೋಡೆಯಿಂದ ಈ ಲೋಟಗಳಿಗೆ. ಸಂಕ್ರಾಂತಿಗೆ ರಬ್ಬರ್ ಗೂಟ ಹಾಕಿದ್ರಿ, ಇಲ್ಲಿ ಲೋಟ ನಿಂತ್ವು. ಕಸದಿಂದ ಹಳೇ ಫ್ಯಾನು ಎತ್ತಿಟ್ಕೊಳ್ಳೋಕೆ ಇದೇ ವಠಾರದೋರು ಆಗ್ಬೇಕು. ಈ ಗಂಟು ಹಾಕೋಕೆ ಕಾರ್ಖಾನೆ ಕೈ ಆಗ್ಬೇಕು. ಕದ್ದೋರು ಫ್ಯಾನು ಒಯ್ಯೋಕೆ ಬಂದಿರ್ಲಿಲ್ಲ. ಸದ್ದು ಇಡೋಕೆ ಬಂದಿದ್ರು."

ರಾಧಾಮಣಿ ಎದ್ದು ಬಿಸ್ಕೆಟ್ ಡಬ್ಬಿ ತಂದರು. ಒಳಗೆ ಬಿಳಿ ಬಟ್ಟೆಯಲ್ಲಿ ಸುತ್ತಿದ ಅಗಲದ ಫ್ಯಾನು, ಕಾಗದದ ಪೊಟ್ಟಣದಲ್ಲಿ ನಾಲ್ಕು ರಬ್ಬರ್ ಗೂಟ.

"ಬೆಳಗ್ಗೆ ಲೋಟ ಶುರುವಾದ್ರೆ, ಸರಿ, ಪಕ್ಕದಲ್ಲೊಬ್ರು ಎದ್ರು ಅಂತ ನಾನೂ ಒಲೆ ಹಚ್ತಿದ್ದೆ," ಎಂದರು. "ಒಂದಿನ ನಿಂತೋಯ್ತು. ನೀನು ಮನೆ ಖಾಲಿ ಮಾಡಿದೆ ಅಂದ್ಕೊಂಡೆ. ಆಮೇಲೆ ನಲ್ಲಿ ಹತ್ರ ಕಂಡೆ. ಕಸದಲ್ಲಿ ಹಳೇ ಫ್ಯಾನು ಸಿಕ್ಕಾಗ ಲೋಟ ನಿಂತಿದ್ದು ಯಾಕೆ ಅಂತ ತಿಳೀತು. ಮನೇಲಿದ್ದೂ ಇಲ್ದಂಗಾಯ್ತಲ್ಲ ಅಂತ ಸಂಕಟ ಆಯ್ತು. ನಿನ್ನ ಕೆಲಸಕ್ಕೆ ತೊಂದ್ರೆ ಅಂತ ಗೊತ್ತಿರ್ಲಿಲ್ಲ ಕಣಪ್ಪ. ತಪ್ಪಾಯ್ತು."

ಉಜೈರನ ಸಿಟ್ಟು ಎಲ್ಲಿ ಹೋಯಿತೋ ಅವನಿಗೇ ತಿಳಿಯಲಿಲ್ಲ. "ಹಳೇ ಫ್ಯಾನು ನೀವೇ ಇಟ್ಕೊಳ್ಳಿ ಅಮ್ಮಾ. ಇಲ್ಲೇ ತಿರುಗೋ ಹಂಗೆ ಮಾಡ್ಕೊಡ್ತೀನಿ," ಎಂದ.

"ಬರೀ ಫ್ಯಾನು ತಿರುಗಿದ್ರೆ ಏನ್ ಬಂತು? ಆ ಕಡೆ ಮನುಷ್ಯ ಇರ್ಬೇಕಲ್ಲ."

ಉಜೈರ್ ನಡುವಿನ ಗೋಡೆಯನ್ನು ಮುಟ್ಟಿ ನೋಡಿದ. ಆಮೇಲೆ ಹೇಳಿದ, "ಓದೋಕೆ ಕೂರೋ ಮುಂಚೆ ಎರಡು ಸಲ ಗೋಡೆ ತಟ್ತೀನಿ. ಮುಗಿದ ಮೇಲೂ ಎರಡು ಸಲ. ನೀವೂ ತಟ್ಟಿ."

*

ದೂರು ವಾಪಸಾಯಿತು. "ವಸ್ತು ಸಿಕ್ಕಿದೆ" ಎಂದು ಮುನಿಕೃಷ್ಣಪ್ಪ ಬರೆದು ಮುಗಿಸಿ, ಮನೆಗೆಂದು ಚಿಕ್ಕಜಾಲದ ಬಸ್ಸು ಹತ್ತಿದರು. ಗೇಟಿನ ಹತ್ತಿರ ಬಂದಾಗಲೇ ಒಳಗಿನಿಂದ ರೇಡಿಯೊ ಕೇಳಿಸುತ್ತಿತ್ತು. ಬೀಗ ತೆಗೆದು ಒಳಗೆ ಹೋಗಿ ಅದನ್ನು ಆರಿಸಿದರು. ನಾಲ್ಕು ವರ್ಷದಲ್ಲಿ ಮನೆ ಅಷ್ಟು ನಿಶ್ಶಬ್ದವಾಗಿದ್ದನ್ನು ಅವರು ಕೇಳಿರಲಿಲ್ಲ.

ಸ್ವಲ್ಪ ಹೊತ್ತು ಕೂತರು. ಆಮೇಲೆ ಎದ್ದು ಗೋಡೆಯನ್ನು ಎರಡು ಸಲ ತಟ್ಟಿದರು. ಆ ಕಡೆ ಖಾಲಿ ಸೈಟು ಎಂಬುದು ಅವರಿಗೆ ಗೊತ್ತಿತ್ತು.